ಎಥೆಲ್ ವಾಟರ್ಸ್ ಹಾಡುಗಾರ್ತಿಯೋ ನಟಿಯೋ? ಎಲ್ಲಿಂದ ಕೇಳೋಕೆ ಶುರು ಮಾಡ್ಲಿ?

ನೀವು ಕೇಳಿದ್ದು ಇಷ್ಟು: ಬಿಲ್ಲಿ ಹಾಲಿಡೇ, ಎಲಾ ಫಿಟ್ಜ್‌ಜೆರಾಲ್ಡ್ ಅವರ ಹಾಡುಗಳನ್ನು ಕೇಳುತ್ತಾ ಹೋದ ಹಾಗೆ ಎಥೆಲ್ ವಾಟರ್ಸ್ ಅನ್ನೋ ಹೆಸರು ಮತ್ತೆ ಮತ್ತೆ ಸಿಗುತ್ತೆ, ಕೆಲವರು ಅವರನ್ನು ಜಾಝ್ ಹಾಡುಗಾರ್ತಿ ಅಂತಾರೆ, ಕೆಲವರು ನಾಟಕದ ನಟಿ ಅಂತಾರೆ, ಯಾವುದು ಸರಿ, ಎಲ್ಲಿಂದ ಶುರು ಮಾಡ್ಲಿ ಅಂತ. ಎರಡೂ ಸರಿ. ಆ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಎಥೆಲ್ ನಮ್ಮ ಕೈಗೆ ಸಿಗುವುದೇ ಇಲ್ಲ. ಹಾಡಿನೊಳಗೆ ಯಾವ ಹೆಂಗಸು ಇದ್ದಾಳೋ ಆ ಹೆಂಗಸಾಗಿ ನಿಂತು ಅವರು ಹಾಡುತ್ತಿದ್ದರು. ಅವರ ಕಾಲಕ್ಕೆ ಅದು ಹೊಸದು. ಇವತ್ತು ಕೇಳಿದರೂ ಅದೇ ಮೊದಲು ಕಿವಿಗೆ ಬೀಳುತ್ತೆ.

ಕಥೆ ಆಮೇಲೆ ಹೇಳ್ತೀನಿ, ಮೊದಲು ಒಂದು ಹಾಡು ಕೇಳಿ. 1932ರ ಡಿಸೆಂಬರ್‌ನಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ಜಾಝ್ ತಂಡದ ಜೊತೆ ಮಾಡಿದ 'ಐ ಕಾಂಟ್ ಗಿವ್ ಯೂ ಎನಿಥಿಂಗ್ ಬಟ್ ಲವ್' ರೆಕಾರ್ಡಿಂಗ್. ಮೊದಲ ಸಲ ಹಾಡುವಾಗ ದನಿ ಅಚ್ಚುಕಟ್ಟು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತೆ, ಯಾರೋ ನಿಮ್ಮ ಎದುರಿಗೇ ಕೂತು ಮಾತಾಡಿದ ಹಾಗೆ. ಎರಡನೇ ಸುತ್ತು ಬಂದಾಗ ದನಿ ಪೂರ್ತಿ ಬದಲಾಗುತ್ತೆ. ಗಂಟಲು ಗೊರಗೊರ ಅನ್ನುತ್ತೆ, ಪದಗಳು ಜಾರುತ್ತವೆ, ಮಧ್ಯೆ ಅರ್ಥವಿಲ್ಲದ ಸದ್ದುಗಳು ಬರುತ್ತವೆ. ಅದು ಜಾಝ್‌ನ ಹೆಸರಾಂತ ತುತ್ತೂರಿಗಾರ, ಹಾಡುಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಅನುಕರಣೆ! ಮೂರು ವರ್ಷದ ಹಿಂದೆ ಅದೇ ಹಾಡನ್ನು ಅವರೂ ಹಾಡಿದ್ದರು. ಮೂರು ನಿಮಿಷದ ಒಂದು ಹಾಡಿನೊಳಗೆ ಇಬ್ಬರು ಮನುಷ್ಯರನ್ನು ತಂದು ನಿಲ್ಲಿಸುವುದು ಅಂದ್ರೆ ಹಾಡುಗಾರಿಕೆನಾ, ನಟನೆನಾ? ನನಗಂತೂ ಆ ಗೆರೆ ಎಲ್ಲಿದೆ ಅಂತ ಕಾಣಲ್ಲ.

ಎಥೆಲ್ ಹುಟ್ಟಿದ್ದು 1896ರ ಅಕ್ಟೋಬರ್ 31ರಂದು, ಅಮೆರಿಕದ ಪೆನ್ಸಿಲ್ವೇನಿಯಾದ ಚೆಸ್ಟರ್ ಊರಿನಲ್ಲಿ. ತಾಯಿಗೆ ಆಗಿನ್ನೂ ಎಳೆ ವಯಸ್ಸು. ಅತ್ಯಾಚಾರದಿಂದ ಬಸಿರಾಗಿದ್ದಳು. ಮಗುವನ್ನು ಸಾಕಿದ್ದು ಅಜ್ಜಿ, ಅವರಿವರ ಮನೆಯಲ್ಲಿ ಕೆಲಸ ಮಾಡಿಕೊಂಡು. ತಾನು ಮಗುವಾಗಿ ಇದ್ದದ್ದೇ ಇಲ್ಲ, ಯಾರೂ ತನ್ನನ್ನು ಮುದ್ದು ಮಾಡಲಿಲ್ಲ ಅಂತ ಎಥೆಲ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹದಿಮೂರಕ್ಕೆ ಮದುವೆ. ಗಂಡ ಹೊಡೆಯುತ್ತಿದ್ದ, ಬಿಟ್ಟು ಬಂದರು. ಫಿಲಡೆಲ್ಫಿಯಾದ ಹೋಟೆಲಿನಲ್ಲಿ ಕಸ ಗುಡಿಸಿ ಹಾಸಿಗೆ ಹಾಸುವ ಕೆಲಸ, ವಾರಕ್ಕೆ 4.75 ಡಾಲರ್. ಹದಿನೇಳನೇ ಹುಟ್ಟುಹಬ್ಬದ ರಾತ್ರಿ ಒಂದು ಕ್ಲಬ್ಬಿನಲ್ಲಿ ಸುಮ್ನೆ ಹಾಡಿದ್ದನ್ನು ಕೇಳಿದ ಇಬ್ಬರು, ಬಾಲ್ಟಿಮೋರ್‌ನ ಲಿಂಕನ್ ಥಿಯೇಟರಿಗೆ ಬಾ, ವಾರಕ್ಕೆ ಹತ್ತು ಡಾಲರ್ ಕೊಡ್ತೀವಿ ಅಂದರು. ಅಲ್ಲಿಂದ ಶುರು. ಆಗ ಎಥೆಲ್ ಕಡ್ಡಿ ಹಾಗೆ ಸಣ್ಣಗೆ ಉದ್ದಕ್ಕೆ ಇದ್ದಿದ್ದಕ್ಕೆ ಪೋಸ್ಟರ್‌ನಲ್ಲಿ ಹಾಕಿದ ಹೆಸರು 'ಸ್ವೀಟ್ ಮಾಮಾ ಸ್ಟ್ರಿಂಗ್‌ಬೀನ್'.

ಆ ಕಾಲದಲ್ಲಿ ಬ್ಲೂಸ್, ಅಂದ್ರೆ ಅಮೆರಿಕದ ಕಪ್ಪು ಜನರ ನೋವು ನಲಿವಿನ ಹಾಡು, ಹಾಡುವವರು ಅಂದ್ರೆ ಗಟ್ಟಿ ಗಂಟಲಿನವರು. ಮೈಕು ಇಲ್ಲ. ಟೆಂಟಿನ ಕೊನೇ ಸಾಲಿಗೂ ಕೇಳಿಸಬೇಕು. ಆ ಪೈಕಿ ದೊಡ್ಡ ಹೆಸರು ಬೆಸ್ಸಿ ಸ್ಮಿತ್. ಅಟ್ಲಾಂಟಾದಲ್ಲಿ ಒಂದೇ ವೇದಿಕೆಯಲ್ಲಿ ಇಬ್ಬರ ಹೆಸರೂ ಬಂದಾಗ, ನಾನಿರುವ ಕಡೆ ಈ ಹುಡುಗಿ ಬ್ಲೂಸ್ ಹಾಡಕೂಡದು ಅಂತ ಬೆಸ್ಸಿ ಪಟ್ಟು ಹಿಡಿದರಂತೆ. ಎಥೆಲ್ ಬೇರೆ ಹಾಡು ಶುರು ಮಾಡಿದರು. ಜನ ಬಿಡಲಿಲ್ಲ, ಬ್ಲೂಸ್ ಬೇಕು ಅಂತ ಕೂಗಿದರು. ಕೊನೆಗೆ ಬೆಸ್ಸಿಯೇ ಒಪ್ಪಬೇಕಾಯಿತು. ಎಥೆಲ್ ದನಿಯಲ್ಲಿ ಬೆಸ್ಸಿಯ ಭಾರ ಇರಲಿಲ್ಲ, ಅವರು ಮೆಲ್ಲಗೆ ಹಾಡುತ್ತಿದ್ದರು. ಆದರೂ ಜನ ಕೇಳಿದ್ದು ಯಾಕೆ ಅಂದ್ರೆ, ಹಾಡು ಏನು ಹೇಳುತ್ತಿದೆ ಅನ್ನುವುದು ಅವರ ಬಾಯಲ್ಲಿ ಸ್ಪಷ್ಟವಾಗಿ ತಿಳಿಯುತ್ತಿತ್ತು.

1919ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ಗೆ ಬಂದು ಎಡ್ಮಂಡ್ಸ್ ಸೆಲ್ಲರ್ ಅನ್ನೋ ನೆಲಮಾಳಿಗೆ ಕ್ಲಬ್ಬಿನಲ್ಲಿ ಸೇರಿಕೊಂಡರು. ತೀರಾ ಕೆಳಮಟ್ಟದ ಜಾಗ. ಅಲ್ಲಿದ್ದ ಪಿಯಾನೋ ವಾದಕರೊಬ್ಬರು, ಬರೀ ಬ್ಲೂಸ್ ಹಾಡಿದ್ದು ಸಾಕು, ಕಥೆಯಿರುವ ಹಾಡುಗಳನ್ನೂ ಹಾಡು ಅಂತ ಒತ್ತಾಯ ಮಾಡಿದರು. ನನ್ನ ಪ್ರಕಾರ ಅವರ ಇಡೀ ಮುಂದಿನ ದಾರಿ ಆ ಒತ್ತಾಯದಿಂದ ಹೊರಟದ್ದು.

1921ರಲ್ಲಿ ಬ್ಲ್ಯಾಕ್ ಸ್ವಾನ್ ಕಂಪನಿಗೆ 'ಡೌನ್ ಹೋಮ್ ಬ್ಲೂಸ್' ಹಾಡಿದರು. ಅದು ಕಪ್ಪು ಜನರೇ ಕಟ್ಟಿ ನಡೆಸುತ್ತಿದ್ದ ರೆಕಾರ್ಡ್ ಕಂಪನಿ, ಹ್ಯಾರಿ ಪೇಸ್ ಅದರ ಮಾಲೀಕರು. ಆ ರೆಕಾರ್ಡ್ ಚೆನ್ನಾಗಿ ಓಡಿ ಕಂಪನಿಯೂ ನಿಂತುಕೊಂಡಿತು. ಒಪ್ಪಂದದಲ್ಲಿ ಒಂದು ವರ್ಷ ಮದುವೆ ಆಗಬಾರದು ಅಂತ ಷರತ್ತು ಬೇರೆ! ಊರೂರು ಸುತ್ತಲು ಕಳಿಸಿದ ತಂಡಕ್ಕೆ ಪಿಯಾನೋ ನುಡಿಸಿದ್ದು ಫ್ಲೆಚರ್ ಹೆಂಡರ್ಸನ್, ಮುಂದೆ ದೊಡ್ಡ ಜಾಝ್ ತಂಡ ಕಟ್ಟಿದವರು. ಕೆಮಿಸ್ಟ್ರಿ ಓದಿದ, ನಾಜೂಕಾಗಿ ನುಡಿಸುವ ಹುಡುಗ. ಈ ನುಡಿಸಾಣಿಕೆಯಲ್ಲಿ ಜೀವ ಇಲ್ಲ ಅಂತ ಎಥೆಲ್ ಆ ಹೆಂಡರ್ಸನ್‌ಗೆ ಹಾರ್ಲೆಮ್‌ನ ಪಿಯಾನೋ ವಾದಕ ಜೇಮ್ಸ್ ಪಿ. ಜಾನ್ಸನ್ ಅವರ ಪಿಯಾನೋ ರೋಲ್‌ಗಳನ್ನು ತರಿಸಿ ಕೇಳಿಸಿದರು. ಪಿಯಾನೋ ರೋಲ್ ಅಂದ್ರೆ ತೂತು ಹೊಡೆದ ಕಾಗದದ ಸುರುಳಿ. ಅದನ್ನು ಹಾಕಿದರೆ ಪಿಯಾನೋದ ಮನೆಗಳು ತಾವಾಗಿ ಕೆಳಗಿಳಿಯುತ್ತವೆ, ಅದರ ಮೇಲೆ ಬೆರಳಿಟ್ಟು ಕಲಿಯಬಹುದು. ಸಂಗೀತ ಓದಲು ಬಾರದ ಹಾಡುಗಾರ್ತಿ ಓದಿಕೊಂಡ ಹುಡುಗನಿಗೆ ತಾಳದ ಪಾಠ ಹೇಳಿಸಿದ್ದು ಹೀಗೆ. ಎಥೆಲ್ ಅವರ ಕಿವಿ ಎಂಥದ್ದು ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1925ರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಹಳೇ ರೆಕಾರ್ಡಿಂಗ್ ಕೇಳಿ ಬೇಜಾರಾಗಿ ಬಿಟ್ಟುಬಿಡುವವರು ಜಾಸ್ತಿ. ಅದಕ್ಕೆ ಮುಂಚೆ ಒಂದು ದೊಡ್ಡ ಕೊಳವೆಯ ಬಾಯಿಗೆ ಹಾಡಬೇಕಿತ್ತು, ದನಿಯ ಒತ್ತಡದಿಂದಲೇ ಸೂಜಿ ಅಲ್ಲಾಡಿ ಮೇಣದ ಮೇಲೆ ಗೆರೆ ಕೊರೆಯಬೇಕಿತ್ತು. ಮೆಲು ದನಿಯ ಸಣ್ಣಪುಟ್ಟ ಏರಿಳಿತ ಅದರಲ್ಲಿ ಉಳಿಯುತ್ತಿರಲಿಲ್ಲ. 1925ರಲ್ಲಿ ಕೊಲಂಬಿಯಾ ಕಂಪನಿ ವಿದ್ಯುತ್ ಮೈಕ್ ತಂದಿತು. ಅದೇ ವರ್ಷ ಎಥೆಲ್ ಆ ಕಂಪನಿಗೆ 'ಡೈನಾ' ಹಾಡಿದರು. ಕೇಳಿ ನೋಡಿ, ಉಸಿರು ಎಳೆದುಕೊಳ್ಳುವುದು, ಒಂದು ಪದವನ್ನು ಬೇಕೆಂದೇ ತಡ ಮಾಡುವುದು ಎಲ್ಲಾ ಸಿಗುತ್ತೆ. ಮಿಲ್ಡ್ರೆಡ್ ಬೇಯ್ಲಿ, ಲೀ ವೈಲಿ ಥರದ ಮುಂದಿನ ಹಾಡುಗಾರ್ತಿಯರು ಮೈಕ್ ಮುಂದೆ ಮಾತಿನ ಹಾಗೆ ಹಾಡಿದರಲ್ಲ, ಆ ದಾರಿಯಲ್ಲಿ ಅವರಿಗಿಂತ ಮೊದಲೇ ನಡೆದವರು ಎಥೆಲ್.

ಇನ್ನು 1933. ಅವರ ಬದುಕಿನ ದೊಡ್ಡ ವರ್ಷ.

ವರ್ಷದ ಮೊದಲರ್ಧದಲ್ಲಿ ಹಾರ್ಲೆಮ್‌ನ ಕಾಟನ್ ಕ್ಲಬ್‌ನಲ್ಲಿ 'ಸ್ಟಾರ್ಮಿ ವೆದರ್' ಹಾಡಿದರು. ಸಂಗೀತ ಹೆರಾಲ್ಡ್ ಆರ್ಲೆನ್, ಸಾಹಿತ್ಯ ಟೆಡ್ ಕೋಲರ್. ವೇದಿಕೆ ಮೇಲೆ ಕಪ್ಪು ಜನ, ಕುರ್ಚಿಗಳಲ್ಲಿ ಬಿಳಿಯರು, ಇದು ಆ ಕ್ಲಬ್ಬಿನ ನಿಯಮ. ಆ ಹೊತ್ತಿಗೆ ಎಥೆಲ್ ಅವರ ಎರಡನೇ ಸಂಸಾರ ಮುರಿಯುತ್ತಿತ್ತು, ಅಲ್ಲಿ ನಿಂತು ಹಾಡಿದ್ದು ತನ್ನ ಮನೆಯ ಸಂಕಟವನ್ನೇ ಅಂತ ಅವರೇ ಬರೆದುಕೊಂಡಿದ್ದಾರೆ. ಅಳು ಇಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಸುಸ್ತಾದ ಹೆಂಗಸು ಒಬ್ಬಳೇ ಮಾತಾಡಿಕೊಂಡ ಹಾಗಿರುತ್ತೆ. ಅದನ್ನು ಕೇಳಿದ ಹೆಸರಾಂತ ಹಾಡು ಕಟ್ಟುವವರು ಅರ್ವಿಂಗ್ ಬರ್ಲಿನ್, ಬ್ರಾಡ್‌ವೇನಲ್ಲಿ, ಅಂದ್ರೆ ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳಿರುವ ಕಡೆ, ತಮ್ಮ ಹೊಸ ಪ್ರದರ್ಶನ 'ಆ್ಯಸ್ ಥೌಸಂಡ್ಸ್ ಚಿಯರ್'ಗೆ ಅವರನ್ನು ಕರೆದರು.

ಈ ಪ್ರದರ್ಶನವನ್ನು ದಿನಪತ್ರಿಕೆಯ ಥರ ಕಟ್ಟಿದ್ದರು. ಒಂದೊಂದು ತಲೆಬರಹ ಬೀಳುತ್ತೆ, ಅದಕ್ಕೆ ತಕ್ಕ ಹಾಡೋ ನಗೆಪ್ರಸಂಗವೋ ಬರುತ್ತೆ. ಹವಾಮಾನ ವರದಿಗೆ ಎಥೆಲ್ 'ಹೀಟ್ ವೇವ್' ಹಾಡಿ ಕುಣಿಯುತ್ತಿದ್ದರು, ಜನ ಖುಷಿಯಲ್ಲಿರುತ್ತಿದ್ದರು. ಆಮೇಲೆ ಒಂದು ತಲೆಬರಹ ಬೀಳುತ್ತಿತ್ತು: ಅಪರಿಚಿತ ನೀಗ್ರೋ ಒಬ್ಬನನ್ನು ಗುಂಪೊಂದು ಕೊಂದುಹಾಕಿದೆ ಅಂತ. ಅಮೆರಿಕದ ದಕ್ಷಿಣದಲ್ಲಿ ಬಿಳಿಯರ ಗುಂಪು ಕಪ್ಪು ಜನರನ್ನು ಎಳೆದುಕೊಂಡು ಹೋಗಿ ನೇಣು ಹಾಕುತ್ತಿದ್ದ ಕಾಲ ಅದು. ವೇದಿಕೆಯ ಮೇಲೆ ಒಬ್ಬ ಹೆಂಗಸು ರಾತ್ರಿಯೂಟಕ್ಕೆ ಮೇಜು ಸಿದ್ಧ ಮಾಡುತ್ತಿದ್ದಾಳೆ. ಗಂಡ ಇನ್ನು ಬರುವುದಿಲ್ಲ ಅಂತ ಅವಳಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಊಟಕ್ಕೆ ಕರೆಯಬೇಕು, ಕರೆದ ಮೇಲೆ ಹೇಳಬೇಕು. ಅದೇ 'ಸಪ್ಪರ್ ಟೈಮ್'. ಹಾಡಿನಲ್ಲಿ ಕೊಲೆಯ ಮಾತೇ ಇಲ್ಲ, ಬರೀ ಮೇಜು, ಮಕ್ಕಳು, ಇನ್ನು ಮನೆಗೆ ಬರದ ಗಂಡ.

ನಗಲು ದುಡ್ಡು ಕೊಟ್ಟು ಬಂದ ಬಿಳಿಯ ಪ್ರೇಕ್ಷಕರ ಮುಂದೆ ಇದನ್ನು ಹಾಡುವುದಕ್ಕೆ ಎಷ್ಟು ಗುಂಡಿಗೆ ಬೇಕು ಯೋಚಿಸಿ. ಈ ಹಾಡು ಪ್ರದರ್ಶನದ ಲಯ ಕೆಡಿಸುತ್ತೆ, ತೆಗೆದುಬಿಡಿ ಅಂತ ಕೆಲವರು ಹೇಳಿದರೂ ಅದು ಉಳಿಯಿತು. ಬಿಳಿಯ ತಾರೆಯರ ಜೊತೆ ಸರಿಸಮಾನವಾಗಿ ಬ್ರಾಡ್‌ವೇನಲ್ಲಿ ಹೆಸರು ಹಾಕಿಸಿಕೊಂಡ ಮೊದಲ ಕಪ್ಪು ಮಹಿಳೆ ಎಥೆಲ್. ಆದರೆ ಕೊನೆಯಲ್ಲಿ ಅವರ ಜೊತೆ ನಿಂತು ಪ್ರೇಕ್ಷಕರಿಗೆ ನಮಸ್ಕರಿಸಲು ಉಳಿದ ತಾರೆಯರು ಒಪ್ಪಲಿಲ್ಲವಂತೆ. ಹಾಗಾದರೆ ಯಾರೂ ನಮಸ್ಕರಿಸುವುದು ಬೇಡ ಅಂದರಂತೆ ಬರ್ಲಿನ್. ಮಾರನೇ ದಿನದಿಂದ ಎಲ್ಲರೂ ಜೊತೆಗೇ ಬಂದರು ಅಂತ ಹೇಳ್ತಾರೆ.

ಇಷ್ಟಾದರೂ ಆಗಿನವರ ಕಣ್ಣಿಗೆ ಅವರು ಹಾಡುಗಾರ್ತಿ ಮಾತ್ರ. ಅದು ಬದಲಾಗಿದ್ದು 1939ರ ಜನವರಿ 3ರಂದು, ನ್ಯೂಯಾರ್ಕಿನ ಎಂಪೈರ್ ಥಿಯೇಟರಿನಲ್ಲಿ. 'ಮಾಂಬಾಸ್ ಡಾಟರ್ಸ್' ನಾಟಕ, ಹೇಗರ್ ಅನ್ನೋ ಪಾತ್ರ. ಅನಕ್ಷರಸ್ಥೆ, ದೈತ್ಯ ಶಕ್ತಿಯ ಹೆಂಗಸು, ಮಗಳಿಗಾಗಿ ಜೀವ ತೇಯ್ದು ಮಗಳಿಗಾಗಿಯೇ ಕೊಲೆ ಮಾಡುವವಳು. ಹೇಗರ್‌ನಲ್ಲಿ ಎಥೆಲ್ ಕಂಡದ್ದು ತನ್ನ ಹೆತ್ತ ತಾಯಿಯನ್ನು. ತನ್ನನ್ನು ಎತ್ತಿ ಮುದ್ದಿಸದ ಆ ತಾಯಿ ಒಳಗೊಳಗೇ ಏನು ಅನುಭವಿಸಿರಬೇಕು ಅಂತ ಅವರು ಆ ಪಾತ್ರದ ಮೂಲಕ ಹೇಳಿದರು. ಮೊದಲ ರಾತ್ರಿ ಪರದೆ ಬಿದ್ದ ಮೇಲೆ ಚಪ್ಪಾಳೆ ನಿಲ್ಲದೆ ಹದಿನೇಳು ಸಲ ವೇದಿಕೆಗೆ ಬರಬೇಕಾಯಿತು. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಬ್ರೂಕ್ಸ್ ಆಟ್ಕಿನ್ಸನ್ ಮಾತ್ರ ಮೆಚ್ಚಲಿಲ್ಲ. ಅದಕ್ಕೆ ಕಲಾವಿದರು, ಗೆಳೆಯರು ಕೂಡಿ ದುಡ್ಡು ಹಾಕಿ ಅದೇ ಪತ್ರಿಕೆಯಲ್ಲಿ ಎಥೆಲ್ ಅಭಿನಯವನ್ನು ಹೊಗಳಿ ಜಾಹೀರಾತು ಕೊಟ್ಟರು. ಆಟ್ಕಿನ್ಸನ್ ಮತ್ತೆ ಹೋಗಿ ನೋಡಿ ತಮ್ಮ ಮಾತನ್ನು ತಿದ್ದಿಕೊಂಡರು.

1940ರಲ್ಲಿ 'ಕ್ಯಾಬಿನ್ ಇನ್ ದ ಸ್ಕೈ' ನಾಟಕ, 1943ರಲ್ಲಿ ಅದೇ ಸಿನಿಮಾ ಆಗಿ ಬಂತು. ಸಿನಿಮಾದಲ್ಲಿ ಜೊತೆಗಿದ್ದವರು ಚಿಕ್ಕ ವಯಸ್ಸಿನ ಹಾಡುಗಾರ್ತಿ ಲೀನಾ ಹಾರ್ನ್. ಸೆಟ್‌ನಲ್ಲಿ ಎಥೆಲ್ ಕೆರಳಿ ಕೂಗಾಡಿದರು. ಅವರ ಸಿಟ್ಟು ಸುಳ್ಳಲ್ಲ, ಜೊತೆಯವರನ್ನು ನೋಯಿಸಿದ್ದೂ ಸುಳ್ಳಲ್ಲ. ಮೋಸ ಹೋಗಿ ಹೋಗಿ ಯಾರನ್ನೂ ನಂಬದ ಮನಸ್ಸಾಗಿತ್ತು. ಆಮೇಲೆ ಆರು ವರ್ಷ ಸಿನಿಮಾ ಇಲ್ಲ, ಕೆಲಸವೂ ಕಡಿಮೆ. ಅದೇ 1943ರಲ್ಲಿ ಲೀನಾ ಬೇರೊಂದು ಸಿನಿಮಾದಲ್ಲಿ 'ಸ್ಟಾರ್ಮಿ ವೆದರ್' ಹಾಡಿದರು, ಆ ಹಾಡು ಜನರ ಮನಸ್ಸಿನಲ್ಲಿ ಲೀನಾ ಅವರದ್ದಾಗಿ ಹೋಯಿತು. ಎಥೆಲ್ ಹೆಸರು ಇವತ್ತು ಹಿಂದೆ ಬಿದ್ದಿರುವುದಕ್ಕೆ ಇದೂ ಒಂದು ಕಾರಣ ಅನ್ನಿಸುತ್ತೆ. ಲೀನಾ ದೊಡ್ಡ ಕಲಾವಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಒಂದು ಹಾಡನ್ನು 1933ರ ದನಿಯಲ್ಲೂ ಕೇಳಲೇಬೇಕು.

1949ರ 'ಪಿಂಕಿ' ಸಿನಿಮಾದ ಅಜ್ಜಿಯ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಹ್ಯಾಟಿ ಮೆಕ್‌ಡೇನಿಯಲ್ ನಂತರ ಆ ಮಟ್ಟ ಮುಟ್ಟಿದ ಎರಡನೇ ಕಪ್ಪು ನಟಿ. ಆ ಸಿನಿಮಾದ ಬೆನ್ನಿಗೇ 1950ರ ಜನವರಿ 5ರಂದು, ಅದೇ ಎಂಪೈರ್ ಥಿಯೇಟರಿನಲ್ಲಿ, ಲೇಖಕಿ ಕಾರ್ಸನ್ ಮೆಕ್‌ಕಲರ್ಸ್ ಅವರ ನಾಟಕ 'ದ ಮೆಂಬರ್ ಆಫ್ ದ ವೆಡ್ಡಿಂಗ್'. ಬೆರೆನೀಸ್ ಅನ್ನೋ ಅಡುಗೆಯಾಕೆಯ ಪಾತ್ರ. ಎಥೆಲ್ ಮೊದಲು ಒಪ್ಪಲಿಲ್ಲ. ಈ ಹೆಂಗಸಿನಲ್ಲಿ ದೇವರೇ ಇಲ್ಲ ಅಂದರು. ನಿಮಗೆ ತೋಚಿದ ಹಾಗೆ ಮಾಡಿ ಅಂತ ನಾಟಕದವರು ಅಂದ ಮೇಲೆ ಒಪ್ಪಿದರು, ತಮ್ಮ ಅಜ್ಜಿಗೆ ಇಷ್ಟವಾದ 'ಹಿಸ್ ಐ ಈಸ್ ಆನ್ ದ ಸ್ಪ್ಯಾರೋ' ಭಕ್ತಿಗೀತೆಯನ್ನು ನಾಟಕದೊಳಗೆ ತಂದರು. 501 ಪ್ರದರ್ಶನ ಆಯಿತು. ಮರುವರ್ಷ ಬಂದ ಆತ್ಮಕಥೆಗೂ ಅದೇ ಹೆಸರು.

ಕಪ್ಪು ನಟಿಗೆ ಮತ್ತೆ ಮತ್ತೆ ಅಡುಗೆಯವಳ, ಆಳಿನ ಪಾತ್ರವೇ ಯಾಕೆ ಅಂತ ಕೇಳುವುದು ನ್ಯಾಯವಾದ ಪ್ರಶ್ನೆ. 1950ರ ಟಿವಿ ಸರಣಿ 'ಬ್ಯೂಲಾ'ದಲ್ಲಿ ಅವರಿಗೆ ಸಿಕ್ಕಿದ್ದೂ ಅದೇ, ಒಂದು ಸೀಸನ್ ಮುಗಿಸಿ ಬಿಟ್ಟರು. ಬೆರೆನೀಸ್ ಬೇರೆ. ಅವಳಿಗೆ ತನ್ನದೇ ಕಥೆ ಇದೆ, ಸತ್ತ ಗಂಡ ಇದ್ದಾನೆ, ಸಿಟ್ಟು ಇದೆ, ಭಯ ಇದೆ. ಆಳಿನ ಪಾತ್ರದೊಳಗೆ ಇಡೀ ಮನುಷ್ಯಳನ್ನು ಕೂರಿಸಿದ್ದು ಎಥೆಲ್.

ಮುಂದಿನ ವರ್ಷಗಳು ಕಷ್ಟದವು. ತೆರಿಗೆ ಬಾಕಿ, ಸಾಲ, ಕೆಲಸ ಕಡಿಮೆ. 1957ರಲ್ಲಿ ಕ್ರೈಸ್ತ ಬೋಧಕ ಬಿಲ್ಲಿ ಗ್ರಹಾಂ ಅವರ ಧಾರ್ಮಿಕ ಸಭೆಗೆ ಹೋದವರು ಅಲ್ಲಿನ ಗಾಯಕವೃಂದದಲ್ಲಿ ಸೇರಿಕೊಂಡರು, ಕೊನೆಯ ತನಕ ಹೆಚ್ಚಾಗಿ ಆ ಸಭೆಗಳಲ್ಲೇ ಹಾಡಿದರು. ನಡುವೆ 'ರೂಟ್ 66' ಟಿವಿ ಸರಣಿಯ ಒಂದು ಕಂತಿಗೆ ಎಮ್ಮಿ, ಅಂದ್ರೆ ಅಮೆರಿಕದ ಟಿವಿ ಪ್ರಶಸ್ತಿಯ ನಾಮನಿರ್ದೇಶನ. 1977ರ ಸೆಪ್ಟೆಂಬರ್ 1ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಎರಡನೇ ಪ್ರಶ್ನೆಗೆ. ಮೇಲೆ ಹೇಳಿದ 1932ರ ರೆಕಾರ್ಡಿಂಗ್ ಆದ ಮೇಲೆ 'ಡೈನಾ', ಆಮೇಲೆ 1929ರ 'ಆ್ಯಮ್ ಐ ಬ್ಲೂ', ಆಮೇಲೆ 'ಸ್ಟಾರ್ಮಿ ವೆದರ್'. 1921ರ ಹಾಡುಗಳನ್ನು ಕೊನೆಗೆ ಇಟ್ಟುಕೊಳ್ಳಿ, ಕಿವಿ ಪಳಗಿದ ಮೇಲೆ ಆ ಗರಗರ ಸದ್ದು ಅಡ್ಡ ಬರಲ್ಲ. ಸಾಹಿತ್ಯವನ್ನು ಪಕ್ಕದಲ್ಲಿ ಇಟ್ಟುಕೊಂಡು ಕೇಳಿ, ಯಾವ ಪದದ ಮೇಲೆ ನಿಲ್ಲುತ್ತಾರೆ, ಯಾವುದನ್ನು ಸುಮ್ನೆ ದಾಟಿಸುತ್ತಾರೆ ಅಂತ ಗಮನಿಸಿ. ನಟಿಯನ್ನು ನೋಡಬೇಕು ಅಂದ್ರೆ 1952ರಲ್ಲಿ ಬಂದ 'ದ ಮೆಂಬರ್ ಆಫ್ ದ ವೆಡ್ಡಿಂಗ್' ಸಿನಿಮಾ ನೋಡಿ. ನಾಟಕದಲ್ಲಿದ್ದ ಜೂಲಿ ಹ್ಯಾರಿಸ್, ಪುಟ್ಟ ಹುಡುಗ ಬ್ರಾಂಡನ್ ಡಿ ವೈಲ್ಡ್ ಇಬ್ಬರೂ ಅದರಲ್ಲಿದ್ದಾರೆ, ಹಾಗಾಗಿ ವೇದಿಕೆಯ ಎಥೆಲ್‌ಗೆ ಹತ್ತಿರವಾದದ್ದು ಅದು. ಅಡುಗೆಮನೆಯಲ್ಲಿ ಇಬ್ಬರು ಮಕ್ಕಳನ್ನೂ ಹತ್ತಿರ ಎಳೆದುಕೊಂಡು ಅವರು ಆ ಭಕ್ತಿಗೀತೆ ಹಾಡುವ ದೃಶ್ಯ ಬರುತ್ತೆ, ಅದನ್ನು ಫೋನಿನಲ್ಲಿ ತುಣುಕಾಗಿ ನೋಡಬೇಡಿ, ಮೊದಲಿಂದ ನೋಡಿಕೊಂಡು ಬನ್ನಿ.