ಲೇಖನ ವಾಪಸ್ ಕಳಿಸುತ್ತಿದ್ದೇನೆ, ಐದನೇ ಪುಟ ಬಿಟ್ಟು

ನಮಸ್ಕಾರ.

ನೀವು ಕಳಿಸಿದ ‘ಹಿಮನಾಡಿನಲ್ಲಿ ತಾರಾಸಮರ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸ್ವಲ್ಪ ಸಿಟ್ಟೇ ಬಂತು. ಎರಡನೇ ಸಲ ಐದನೇ ಪುಟಕ್ಕೆ ಬಂದವನು ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಯಾಕೆ ಅಂತ ಬರೆಯುತ್ತಿದ್ದೇನೆ. ಉದ್ದ ಆದೀತು, ಕಾಫಿ ಮಾಡಿಕೊಂಡು ಕೂತುಕೊಳ್ಳಿ.

ವಿಷಯ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಕ್ಲಬ್ ಪೆಂಗ್ವಿನ್ ಅಂತ ಒಂದು ಆನ್‌ಲೈನ್ ಆಟ ಇತ್ತು. ಒಂದು ಹಿಮದ ದ್ವೀಪ, ಅದರ ತುಂಬ ಬಣ್ಣಬಣ್ಣದ ಪೆಂಗ್ವಿನ್‌ಗಳು, ಒಂದೊಂದು ಪೆಂಗ್ವಿನ್ ಹಿಂದೆ ಎಲ್ಲೋ ಒಂದೂರಲ್ಲಿ ಕಂಪ್ಯೂಟರ್ ಮುಂದೆ ಕೂತ ಒಂದು ಮಗು. 2013ರ ಜುಲೈ-ಆಗಸ್ಟ್‌ನಲ್ಲಿ ಆ ದ್ವೀಪಕ್ಕೆ ಬಾಹ್ಯಾಕಾಶ ಯುದ್ಧದ ಹಾಲಿವುಡ್ ಸಿನಿಮಾ ‘ಸ್ಟಾರ್ ವಾರ್ಸ್’ ಬಂತು. ಸಿನಿಮಾದ ಟಾಟೂಯಿನ್ ಮರುಭೂಮಿ ಬಂತು, ಖಳರ ಬಾಹ್ಯಾಕಾಶ ಕೋಟೆ ಡೆತ್ ಸ್ಟಾರ್ ಬಂತು. ಸಿನಿಮಾದ ಜಾಗಗಳನ್ನು ಮಕ್ಕಳ ಆಟ ಹೇಗೆ ಮತ್ತೆ ಕಟ್ಟಿತು ಎಂದು ನೀವು ಮೊದಲ ಸಾಲಲ್ಲೇ ಕೇಳುತ್ತೀರಿ. ಉತ್ತರ ಕೊನೆಯ ಸಾಲಿನವರೆಗೂ ಸಿಗಲಿಲ್ಲ.

ನೀವು ಕೊಟ್ಟಿರುವುದು ಒಂದು ಪಟ್ಟಿ. ಸಿನಿಮಾದಲ್ಲಿ ಮರಳು, ಆಟದಲ್ಲೂ ಮರಳು. ಸಿನಿಮಾದಲ್ಲಿ ಬಿಳಿ ಕವಚದ ಸೈನಿಕರು, ಆಟದಲ್ಲೂ ಅವರೇ. ಅಲ್ಲಿ ಬೆಳಕಿನ ಕತ್ತಿ, ಇಲ್ಲೂ ಬೆಳಕಿನ ಕತ್ತಿ. ಹೀಗೇ ಮೂರೂವರೆ ಪುಟ. ನಾಮಕರಣದ ಮನೆಯಲ್ಲಿ ತೊಟ್ಟಿಲು ಬಗ್ಗಿ ನೋಡಿ ‘ಮೂಗು ಅಜ್ಜನದು, ಕಿವಿ ಸೋದರಮಾವನದು’ ಅನ್ನುತ್ತಾರಲ್ಲ, ಹಾಗಾಯಿತು. ಹೋಲಿಕೆಯನ್ನು ಓದುಗರೇ ಕಂಡುಕೊಳ್ಳುತ್ತಾರೆ. ಯಾವುದು ಹೋಲಲಿಲ್ಲ, ಯಾಕೆ ಹೋಲಲಿಲ್ಲ ಅನ್ನುವುದನ್ನು ನೀವು ಹೇಳಬೇಕು.

ಒಂದು ಉದಾಹರಣೆ ಕೊಡುತ್ತೇನೆ. ‘ಡಾರ್ತ್ ವೇಡರ್‌ನ ವೇಷ ಆಟದಲ್ಲಿ ಯಥಾವತ್ತಾಗಿ ಮೂಡಿಬಂದಿದೆ’ ಎಂದು ಬರೆದಿದ್ದೀರಿ. ಯಥಾವತ್ತಾಗಿ ಹೇಗೆ ಬಂದೀತು ಹೇಳಿ? ಸಿನಿಮಾದಲ್ಲಿ ಆ ಖಳನಾಯಕನ ಕಪ್ಪು ವೇಷದೊಳಗೆ ಇದ್ದದ್ದು ಡೇವಿಡ್ ಪ್ರೌಸ್, ಸುಮಾರು ಆರೂವರೆ ಅಡಿಯ ಆಳು. ಅವನು ಬಾಗಿಲಲ್ಲಿ ನಿಂತರೆ ಉಳಿದವರೆಲ್ಲ ಕುಳ್ಳಗೆ ಕಾಣುತ್ತಿದ್ದರು. ಅರ್ಧ ಭಯ ಹುಟ್ಟುತ್ತಿದ್ದದ್ದು ಆ ಎತ್ತರದಿಂದಲೇ. ಕ್ಲಬ್ ಪೆಂಗ್ವಿನ್‌ನಲ್ಲಿ ಆಡುವ ಮಕ್ಕಳ ಪೆಂಗ್ವಿನ್‌ಗಳೆಲ್ಲ ಒಂದೇ ಎತ್ತರ. ಗುಂಡು ಹೊಟ್ಟೆ, ಗಿಡ್ಡ ಕಾಲು. ಸಿನಿಮಾದಲ್ಲಿ ವೇಡರ್ ಒಬ್ಬನೇ. ಆಟದಲ್ಲಿ ಒಂದೇ ಕೋಣೆಯಲ್ಲಿ ಹತ್ತು ಜನ ವೇಡರ್ ನಿಂತಿರಬಹುದು, ಯಾರೂ ಯಾರಿಗೂ ಹೆದರಬೇಕಿಲ್ಲ. ವೇಷ ಅದೇ, ಕೆಲಸ ಬೇರೆ. ಇದನ್ನು ನೀವು ಬರೆದಿದ್ದರೆ ನಾನು ಪೆನ್ನು ಕೆಳಗಿಡುತ್ತಿದ್ದೆ.

ಡೆತ್ ಸ್ಟಾರ್ ವಿಷಯವೂ ಅಷ್ಟೆ. ಸಿನಿಮಾದಲ್ಲಿ ಅದು ಉದ್ದುದ್ದ ಓಣಿಗಳ ಜಾಗ. ಬೂದು ಗೋಡೆ, ಮುಂದಿನ ತಿರುವಿನಲ್ಲಿ ಯಾರಿದ್ದಾರೋ ಗೊತ್ತಿಲ್ಲ. ನಾಯಕ ಲ್ಯೂಕ್ ಮತ್ತು ಅವನ ಜೊತೆಗಾರ ಹಾನ್ ಸೋಲೋ ಶತ್ರುಗಳ ಕವಚ ತೊಟ್ಟು ಸುಳ್ಳು ಹೇಳಿಕೊಂಡು ಓಡಾಡುತ್ತಾರೆ. ಸಿಕ್ಕಿಬಿದ್ದರೆ ಸತ್ತರು. ಈ ‘ಸಿಕ್ಕಿಬಿದ್ದರೆ’ ಅನ್ನುವುದನ್ನು ತೆಗೆದುಬಿಟ್ಟರೆ ಡೆತ್ ಸ್ಟಾರ್‌ನಲ್ಲಿ ಉಳಿಯುವುದು ಏನು? ಒಂದು ದೊಡ್ಡ ಹಾಲ್. ಕ್ಲಬ್ ಪೆಂಗ್ವಿನ್‌ನಲ್ಲಿ ಯಾರೂ ಸಾಯುವುದಿಲ್ಲ. ಹಿಮದ ಉಂಡೆ ಎಸೆಯಬಹುದು, ಅದು ತಾಗಿದರೆ ಏನೂ ಆಗುವುದಿಲ್ಲ. ಮಾತಿಗೂ ಕಡಿವಾಣ. ಬೈಗುಳ, ಫೋನ್ ನಂಬರ್ ಹೋಗದ ಹಾಗೆ ತಡೆ ಇತ್ತು. ಎಳೆಯ ಮಕ್ಕಳಿಗೆ ಅದು ಬೇಕು ಕೂಡ, ನನ್ನ ತಕರಾರಿಲ್ಲ. ಆದರೆ ಭಯಕ್ಕೆಂದೇ ಕಟ್ಟಿದ ಜಾಗವನ್ನು ಭಯವೇ ಇಲ್ಲದ ಆಟದೊಳಗೆ ತಂದು ಕೂರಿಸಿದರೆ ಏನಾಗುತ್ತದೆ? ನೀವು ಅಲ್ಲಿ ಇದ್ದವರು. ಸಿನಿಮಾ ಮಾತ್ರ ನೋಡಿದ ನನಗೆ ಅದು ಗೊತ್ತಾಗುವುದಿಲ್ಲ.

ಇನ್ನೊಂದು ಸಂಗತಿ ನಿಮ್ಮ ಕಣ್ಣು ತಪ್ಪಿಸಿಕೊಂಡಿದೆ: ಕೊಳೆ. 1977ರ ಆ ಸಿನಿಮಾ ಬೇರೆ ಬಾಹ್ಯಾಕಾಶ ಸಿನಿಮಾಗಳಿಗಿಂತ ಬೇರೆಯಾಗಿ ಕಂಡದ್ದು ಅದರ ಕೊಳೆಯಿಂದ. ಹಡಗುಗಳಿಗೆ ಮಸಿ ಹತ್ತಿರುತ್ತದೆ. ರೋಬೋಗಳ ಮೈ ತರಚಿರುತ್ತದೆ. ಎಲ್ಲವೂ ಯಾರೋ ಬಳಸಿ ಹಳೆಯದಾದ ಹಾಗೆ. ಪ್ಲಾಸ್ಟಿಕ್ ಟ್ಯಾಂಕು, ಹಡಗುಗಳ ಆಟಿಕೆ ಕಿಟ್‌ಗಳನ್ನು ಬಿಚ್ಚಿ, ಆ ಚೂರುಗಳನ್ನು ಮಾದರಿಗಳ ಮೇಲೆ ಅಂಟಿಸಿ, ಬಣ್ಣ ಬಳಿದು, ಆಮೇಲೆ ಬೇಕಂತಲೇ ಗಲೀಜು ಮಾಡಿದರು. ಪೆಂಗ್ವಿನ್ ದ್ವೀಪದಲ್ಲಿ ಗಲೀಜೇ ಇಲ್ಲ. ಅಂಚುಗಳೆಲ್ಲ ದುಂಡು, ಬಣ್ಣಗಳೆಲ್ಲ ತೊಳೆದಿಟ್ಟ ಹಾಗೆ. ತಮಾಷೆ ನೋಡಿ, ಮಕ್ಕಳ ಆಟಿಕೆಗಳ ಚೂರಿನಿಂದ ದೊಡ್ಡವರು ಕಟ್ಟಿದ ಲೋಕ ಸುತ್ತು ಹಾಕಿ ಮತ್ತೆ ಮಕ್ಕಳ ಆಟಿಕೆಯಾಗಿ ಬಂತು. ನಾನಾಗಿದ್ದರೆ ಇದರ ಮೇಲೆ ಒಂದು ಪುಟ ಬರೆಯುತ್ತಿದ್ದೆ. ಬೇಕಾದರೆ ತೆಗೆದುಕೊಳ್ಳಿ, ನನ್ನ ಹೆಸರು ಹಾಕಬೇಕಿಲ್ಲ.

ಈಗ ಒಂದು ತಪ್ಪು. ‘ಹಾಲಿವುಡ್ ಸ್ಟುಡಿಯೋದಲ್ಲಿ ಲಾರಿಗಟ್ಟಲೆ ಮರಳು ಸುರಿದು ಟಾಟೂಯಿನ್ ಸೃಷ್ಟಿಸಲಾಯಿತು’ ಎಂದಿದ್ದೀರಿ. ಯಾರು ಹೇಳಿದರು? 1976ರಲ್ಲಿ ನಿರ್ದೇಶಕ ಜಾರ್ಜ್ ಲೂಕಾಸ್ ತಂಡ ಉತ್ತರ ಆಫ್ರಿಕಾದ ಟುನೀಶಿಯಾಕ್ಕೆ ಹೋಗಿ ಚಿತ್ರೀಕರಿಸಿತು. ಟಾಟೂಯಿನ್ ಎಂಬ ಹೆಸರು ಹುಟ್ಟಿದ್ದೇ ಅಲ್ಲಿನ ಟಟಾವಿನ್ ಎಂಬ ಊರಿನಿಂದ. ಲ್ಯೂಕ್‌ನ ಮನೆಯೊಳಗಿನ ದೃಶ್ಯಗಳಿಗೆ ಮಟ್ಮಾಟಾ ಎಂಬಲ್ಲಿನ ಒಂದು ಹೋಟೆಲ್ ಬಳಸಿದರು. ಆ ಊರಿನ ಮನೆಗಳು ವಿಚಿತ್ರ. ನೆಲದಲ್ಲಿ ದೊಡ್ಡ ಗುಂಡಿ ತೋಡಿ, ಅದರ ಗೋಡೆಗಳಲ್ಲಿ ಸುತ್ತ ಕೋಣೆ ಕೊರೆದಿರುತ್ತಾರೆ. ಗುಂಡಿಯೇ ಅಂಗಳ. ಬಿಸಿಲಿಂದ ತಪ್ಪಿಸಿಕೊಳ್ಳಲು ಬೆರ್ಬರ್ ಜನ ಕಂಡುಕೊಂಡ ದಾರಿ ಅದು. ಅಂದರೆ ನಿಜವಾದ ಸೆಖೆಗೆ ನಿಜವಾದ ಜನ ಕಟ್ಟಿಕೊಂಡ ಮನೆ, ಸಿನಿಮಾದಲ್ಲಿ ಬೇರೆ ಗ್ರಹದ ಮನೆ ಆಯಿತು. ಆ ಗ್ರಹದ ಮರುಭೂಮಿ ಆಮೇಲೆ ಹಿಮದಲ್ಲಿ ಬದುಕುವ ಪೆಂಗ್ವಿನ್‌ಗಳ ಪಿಕ್‌ನಿಕ್ ಜಾಗ ಆಯಿತು. ಅಲ್ಲಿಗೆ ಬರುವ ಹೊತ್ತಿಗೆ ಸೆಖೆ ಪೂರ್ತಿ ಆರಿಹೋಗಿದೆ. ಹಳದಿ ಬಣ್ಣ ಮಾತ್ರ ಉಳಿದಿದೆ. ನಿಮ್ಮ ಲೇಖನಕ್ಕೆ ಬೇಕಿದ್ದ ಎಳೆ ಇದು. ಸುಮ್ನೆ ಒಂದು ತಪ್ಪು ವಾಕ್ಯದಲ್ಲಿ ಅದನ್ನು ಕಳೆದುಕೊಂಡಿರಿ.

ಅದೇ ಸಿನಿಮಾದ ಯಾವಿನ್ 4 ಎಂಬ ಕಾಡಿನ ಚಂದ್ರನೂ ಹಾಗೇ. ಅದರ ಹೊರನೋಟ ಗ್ವಾಟೆಮಾಲಾದ ಟಿಕಾಲ್‌ನದು, ಮಾಯಾ ಜನರ ಹಳೆಯ ದೇಗುಲಗಳ ಊರು. ಇದನ್ನು ನೀವು ಬಳಸಲೇಬೇಕು ಅಂತಿಲ್ಲ. ನಕಲಿನ ಹಿಂದೆ ಅಸಲು ಯಾವುದು ಅಂತ ಬರೆಯುವ ಮುಂಚೆ ಒಮ್ಮೆ ಹುಡುಕಿ ನೋಡಿ ಅಂತ ಹೇಳಿದೆ.

ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಹಾಗೇ ಮುಂದೆ ಹೋಗಿದ್ದೀರಿ: ‘ಇದಕ್ಕೂ ಮೊದಲು ಆಟದಲ್ಲಿ ಒಂದು ನಾಟಕಮಂದಿರವಿತ್ತು.’ ನಿಲ್ಲಿ, ನಿಲ್ಲಿ. ಅದರ ಹೆಸರು ‘ದ ಸ್ಟೇಜ್’, ದ್ವೀಪದ ಪ್ಲಾಜಾದಲ್ಲಿತ್ತು. ಬಾಗಿಲು ತೆರೆದದ್ದು 2007ರ ನವೆಂಬರ್‌ನಲ್ಲಿ. ಅಲ್ಲಿನ ಮೊದಲ ನಾಟಕವೇ ಒಂದು ಬಾಹ್ಯಾಕಾಶದ ಕಥೆ! ಸ್ಕ್ರಿಪ್ಟ್ ಕೊಡುತ್ತಿದ್ದರು. ಸಾಲಿನ ಮೇಲೆ ಒತ್ತಿದರೆ ನಿಮ್ಮ ಪೆಂಗ್ವಿನ್ ಆ ಸಾಲು ಹೇಳುತ್ತಿತ್ತು. ಯಾರದ್ದೋ ಸಿನಿಮಾದ ಗ್ರಹ ಅಲ್ಲ. ಆಟದವರೇ ಗೀಚಿದ ಗ್ರಹ, ಅದು ರಂಗದ ಸೆಟ್ ಅಂತ ನೋಡಿದವರಿಗೆ ಗೊತ್ತಾಗುತ್ತಿತ್ತು. ನಮ್ಮ ಕಂಪನಿ ನಾಟಕಗಳ ಪರದೆ ನೆನಪಾಯಿತು ನನಗೆ. ದರ್ಬಾರಿನ ಪರದೆ, ಕಾಡಿನ ಪರದೆ, ಬೀದಿಯ ಪರದೆ. ಇಳಿಬಿಟ್ಟರೆ ಕಾಡು, ಸುತ್ತಿಟ್ಟರೆ ಅರಮನೆ. ಅದು ಬಟ್ಟೆ ಅಂತ ಎಲ್ಲರಿಗೂ ಗೊತ್ತು, ಆದರೂ ಕಾಡಿನ ಸೀನಿನಲ್ಲಿ ಅಳು ಬರುತ್ತಿತ್ತು. ಕ್ಲಬ್ ಪೆಂಗ್ವಿನ್‌ನ ಹೆಚ್ಚಿನ ಕೋಣೆಗಳೂ ಹಾಗೇ ಅಲ್ವಾ? ಒಂದೇ ಪರದೆಯಷ್ಟು ಜಾಗ, ಹಿಂದೆ ಚಿತ್ರ, ಪಕ್ಕದಲ್ಲಿ ಹೊರಹೋಗುವ ದಾರಿ. ಹಬ್ಬ ಬಂದರೆ ಚಿತ್ರ ಬದಲು. 2007ರ ಗ್ರಹದಲ್ಲಿ ಮಗು ನಟನಾಗಿತ್ತು, ಅದೂ ಸ್ಕ್ರಿಪ್ಟ್ ಬಿಟ್ಟು ಮನಸ್ಸಿಗೆ ಬಂದದ್ದನ್ನು ಹೇಳಬಹುದಾಗಿದ್ದ ನಟ. 2013ರಲ್ಲಿ ಬಂದ ಟಾಟೂಯಿನ್‌ಗೆ ಮೊದಲೇ ಒಂದು ಕಥೆ ಇತ್ತು, ನಾಯಕ ಇದ್ದ, ಕೊನೆ ಏನಾಗುತ್ತದೆ ಅಂತ ಊರಿಗೆಲ್ಲ ಗೊತ್ತಿತ್ತು. ಈ ಎರಡರಲ್ಲಿ ನಿಮಗೆ ಯಾವುದು ಜಾಸ್ತಿ ಆಟ ಅನ್ನಿಸಿತು?

ದುಡ್ಡಿನ ಮಾತು ನೀವು ಎತ್ತಿಯೇ ಇಲ್ಲ. ಮುಜುಗರ ಯಾಕೆ? ಕ್ಲಬ್ ಪೆಂಗ್ವಿನ್ ಹುಟ್ಟಿದ್ದು 2005ರಲ್ಲಿ, ಕೆನಡಾದ ಕೆಲೋನಾ ಎಂಬ ಊರಲ್ಲಿ. ಡಿಸ್ನಿ ಅದನ್ನು 2007ರಲ್ಲಿ 35 ಕೋಟಿ ಡಾಲರ್ ಕೊಟ್ಟು ಕೊಂಡಿತು. 2012ರ ಅಕ್ಟೋಬರ್‌ನಲ್ಲಿ ‘ಸ್ಟಾರ್ ವಾರ್ಸ್’ ಒಡೆತನದ ಲೂಕಾಸ್‌ಫಿಲ್ಮ್ ಕೊಳ್ಳುವುದಾಗಿ ಅದೇ ಡಿಸ್ನಿ ಹೇಳಿತು, ಬೆಲೆ ಸುಮಾರು 405 ಕೋಟಿ ಡಾಲರ್. ಒಂಬತ್ತು ತಿಂಗಳು ಕಳೆಯುವುದರೊಳಗೆ ಪೆಂಗ್ವಿನ್‌ಗಳ ಕೈಗೆ ಬೆಳಕಿನ ಕತ್ತಿ ಬಂತು. ಆ ಹಬ್ಬದ ಹೆಸರೇ ‘ಸ್ಟಾರ್ ವಾರ್ಸ್ ಟೇಕೋವರ್’. ನೀವು ಅದನ್ನು ‘ತಾರಾಸಮರ ಮಹೋತ್ಸವ’ ಎಂದು ಕನ್ನಡ ಮಾಡಿದ್ದೀರಿ. ಟೇಕೋವರ್ ಅಂದರೆ ವಶಪಡಿಸಿಕೊಳ್ಳುವುದು, ಮಹೋತ್ಸವವೇ? ಅವರೇ ಬಾಯಿಬಿಟ್ಟು ಹೇಳಿದ್ದನ್ನು ನೀವು ಮುಚ್ಚಿದಿರಿ. ಈ ಇಸವಿಗಳನ್ನು ಒಂದರ ಪಕ್ಕ ಒಂದು ಇಡಿ, ಸಾಕು. ‘ಬಂಡವಾಳಶಾಹಿಯ ಕುತಂತ್ರ’ ಅಂತೆಲ್ಲ ಭಾಷಣ ಬೇಡ. ನನಗೆ ಅಂಥ ಲೇಖನಗಳು ವಾರಕ್ಕೆ ನಾಲ್ಕು ಬರುತ್ತವೆ.

ಭಾಷೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ‘ಮರಣತಾರೆ’ ಬೇಡ, ಡೆತ್ ಸ್ಟಾರ್ ಅಂತಲೇ ಬರೆಯಿರಿ. ‘ಕ್ರೀಡಾಂತರ್ಗತ ಪರಿಸರ’ ಅಂದರೆ ಏನು ಅಂತ ನಮ್ಮ ಕರಡು ತಿದ್ದುವವರು ಕೇಳಿದರು, ನನಗೂ ಹೇಳಲು ಆಗಲಿಲ್ಲ. ‘ಇದು ಗಮನಾರ್ಹ ಸಂಗತಿಯಾಗಿದೆ’ ಎಂಬ ವಾಕ್ಯ ಆರು ಸಲ ಬಂದಿದೆ. ಆರನ್ನೂ ಹೊಡೆದುಹಾಕಿದ್ದೇನೆ, ಏನೂ ನಷ್ಟ ಆಗಿಲ್ಲ. ಮತ್ತೆ ಕೊನೆಯ ಪ್ಯಾರಾ, ಮಕ್ಕಳು ಆಟವಾಡುತ್ತಲೇ ಪಾಠ ಕಲಿಯಬೇಕು ಅನ್ನುವುದು. ಅದನ್ನು ನೀವು ಬರೆದ ಹಾಗಿಲ್ಲ. ನಿಮ್ಮ ಹಳೇ ಮೇಷ್ಟ್ರು ಬರೆದ ಹಾಗಿದೆ.

ಈಗ ಐದನೇ ಪುಟ.

ಅಷ್ಟು ಹೊತ್ತು ‘ಆಟಗಾರರು’, ‘ಮಕ್ಕಳು’, ‘ಬಳಕೆದಾರರು’ ಅಂತ ಬರೆಯುತ್ತಿದ್ದವರು ಅಲ್ಲಿ ಇದ್ದಕ್ಕಿದ್ದಂತೆ ‘ನಾನು’ ಅಂದಿರಿ. ಮನೆಯಲ್ಲಿ ಒಂದೇ ಕಂಪ್ಯೂಟರ್. ಚಿಕ್ಕಪ್ಪ ಹುಟ್ಟುಹಬ್ಬಕ್ಕೆ ಕೊಡಿಸಿದ ಮೆಂಬರ್‌ಶಿಪ್. ಕುರ್ಚಿ ನಿಮಗೆ, ಪ್ಲಾಸ್ಟಿಕ್ ಸ್ಟೂಲ್ ತಮ್ಮನಿಗೆ. ಮೌಸ್ ನಿಮ್ಮ ಕೈಲಿ, ತಮ್ಮನಿಗೆ ಎರಡೇ ಕೀ: ಟಿ ಮತ್ತು ಡಿ. ಟಿ ಒತ್ತಿದರೆ ಹಿಮದ ಉಂಡೆಗೆ ಗುರಿ, ಆದರೆ ಎಸೆಯಲು ಮೌಸ್ ಬೇಕು, ಹಾಗಾಗಿ ಅಣ್ಣ ಮನಸ್ಸು ಮಾಡದೆ ತಮ್ಮನ ಉಂಡೆ ಹಾರದು. ಡಿ ಒತ್ತಿದರೆ ಪೆಂಗ್ವಿನ್ ಕುಣಿಯುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಿಮ್ಮ ಸಾಲನ್ನೇ ಇಲ್ಲಿ ಹಾಕುತ್ತೇನೆ: ‘ನಾನು ವೇಡರ್ ಆಗಿ ಡೆತ್ ಸ್ಟಾರ್‌ನ ಮಧ್ಯೆ ಗಂಭೀರವಾಗಿ ನಿಂತಿದ್ದೆ. ತಮ್ಮ ಡಿ ಒತ್ತಿದ. ನಾನು ಕುಣಿಯತೊಡಗಿದೆ. ಪಕ್ಕದಲ್ಲಿದ್ದ ಇನ್ನೊಬ್ಬ ವೇಡರ್ ಕೂಡ ಕುಣಿಯತೊಡಗಿದ.’

ಮಹರಾಯ್ರೇ, ಇದನ್ನು ಐದನೇ ಪುಟದಲ್ಲಿ ಯಾಕೆ ಬಚ್ಚಿಟ್ಟಿರಿ?

ಆ ಇನ್ನೊಬ್ಬ ವೇಡರ್ ಯಾರು, ಯಾವ ದೇಶದವನು, ಅವನ ಪಕ್ಕದಲ್ಲೂ ಸ್ಟೂಲ್ ಮೇಲೆ ಒಬ್ಬ ತಮ್ಮ ಇದ್ದನೇ? ಲೂಕಾಸ್ ಅಷ್ಟು ಕಷ್ಟಪಟ್ಟು ಕಟ್ಟಿದ ಭಯದ ಕೋಟೆಯನ್ನು ಸ್ಟೂಲ್ ಮೇಲೆ ಕೂತ ಹುಡುಗ ಒಂದು ಬೆರಳಲ್ಲಿ ಮದುವೆ ಛತ್ರ ಮಾಡಿಬಿಟ್ಟ. ಆಟ ಸಿನಿಮಾದ ಜಾಗವನ್ನು ಹೇಗೆ ಮತ್ತೆ ಕಟ್ಟಿತು ಎಂದು ಕೇಳಿದ್ದಿರಲ್ಲ? ಚಿತ್ರ ಬರೆದವರು ಅರ್ಧ ಕಟ್ಟಿದರು. ಉಳಿದರ್ಧವನ್ನು ನಿಮ್ಮ ತಮ್ಮ ಕಟ್ಟಿದ, ಇಲ್ಲವೇ ಕೆಡವಿದ. ಯಾವುದು ಅನ್ನುವುದನ್ನು ನೀವೇ ತೀರ್ಮಾನ ಮಾಡಿ.

ಹಾಗಾಗಿ ಈ ಪುಟವನ್ನು ವಾಪಸ್ ಕಳಿಸುತ್ತಿಲ್ಲ, ನನ್ನ ಮೇಜಿನ ಮೇಲೇ ಇದೆ. ಮಿಕ್ಕಿದ್ದನ್ನು ಮರೆತು, ಇಲ್ಲಿಂದಲೇ ಶುರು ಮಾಡಿ. ಪ್ರೌಸ್‌ನ ಎತ್ತರ, ಮಟ್ಮಾಟಾದ ಗುಂಡಿ, 35 ಕೋಟಿ, ಎಲ್ಲವೂ ತಮ್ಮ ಡಿ ಒತ್ತಿದ ಆ ಕ್ಷಣದ ಸುತ್ತ ತಾವಾಗಿ ಬರಲಿ. ಬರದಿದ್ದರೆ ಬಿಟ್ಟುಬಿಡಿ. 1200 ಪದ ಸಾಕು, 2600 ಬೇಡ. ಆಟ 2017ರ ಮಾರ್ಚ್‌ನಲ್ಲಿ ಮುಚ್ಚಿತು ಅನ್ನುವುದನ್ನೂ ಎಲ್ಲಾದರೂ ಒಂದು ಕಡೆ ಹೇಳಿ. ಮುಚ್ಚುವ ಮುಂಚೆ ಒಂದು ಚಂದದ ಸಂಗತಿ ನಡೆದಿತ್ತು. ಎಲ್ಲರೂ ಮೇಲೇರಿ ಕುಣಿದರೆ ಆ ದ್ವೀಪದ ಪಕ್ಕ ತೇಲುವ ದೊಡ್ಡ ಮಂಜುಗಡ್ಡೆ ಮಗುಚುತ್ತದೆ ಅಂತ ಮಕ್ಕಳು ವರ್ಷಗಟ್ಟಲೆ ನಂಬಿ ಪ್ರಯತ್ನ ಮಾಡುತ್ತಿದ್ದರು. ಕೊನೆಯ ದಿನಗಳಲ್ಲಿ ಅದು ನಿಜವಾಗಿಯೂ ಮಗುಚಿತು. ಇದು ಯಾವ ಸಿನಿಮಾದಲ್ಲೂ ಇರಲಿಲ್ಲ, ಮಕ್ಕಳೇ ಹಬ್ಬಿಸಿದ ಕಥೆ. ನಿಮ್ಮ ಲೇಖನದಲ್ಲಿ ಇದಕ್ಕೆ ಜಾಗ ಇದೆಯೋ ಇಲ್ಲವೋ, ನೋಡಿ.

ಬರೆಯಲು ಕೂರುವ ಮುಂಚೆ ಒಂದು ಕೆಲಸ. ತಮ್ಮನಿಗೆ ಫೋನ್ ಮಾಡಿ ಆ ದಿನದ ಬಗ್ಗೆ ಕೇಳಿ. ನೀವು ಬರೆದದ್ದನ್ನು ಓದಿ ಹೇಳಬೇಡಿ, ಸುಮ್ನೆ ಕೇಳಿ. ಮೌಸ್ ತನ್ನ ಕೈಲೇ ಇತ್ತು ಅಂತ ಅವನು ಹೇಳಿದರೆ ಜಗಳ ಆಡಬೇಡಿ, ಅದನ್ನೂ ಬರೆದುಕೊಳ್ಳಿ.

ಹೊಸ ಪ್ರತಿಗೆ ಕಾಯುತ್ತಿರುತ್ತೇನೆ.

ನಿಮ್ಮ
ಸಂಪಾದಕ