ಮೊಮ್ಮಕ್ಕಳನ್ನು ಸಾಕುತ್ತಿದ್ದೇನೆ, ಸಹಾಯಧನ ಸಿಗುತ್ತದಾ?

ಪ್ರಶ್ನೆ: ಮಗಳು, ಅಳಿಯ ಇಬ್ಬರೂ ತೀರಿಕೊಂಡರು. ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳು ನನ್ನ ಜೊತೆಗಿದ್ದಾರೆ. ಸರ್ಕಾರದ ದುಡ್ಡು ಬೇಕಂದ್ರೆ ಮಕ್ಕಳನ್ನು ಆಶ್ರಮಕ್ಕೆ ಸೇರಿಸಬೇಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನಿಜವಾ?

ಉತ್ತರ: ಇಲ್ಲಮ್ಮ, ದಯವಿಟ್ಟು ಆ ಮಾತು ನಂಬಬೇಡಿ. ಮಕ್ಕಳು ಆಶ್ರಮಕ್ಕೆ ಹೋಗದೆ ಮನೆಯವರ ಜೊತೆಗೇ ಬೆಳೆಯಲಿ ಅಂತಲೇ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅನ್ನೋ ನೆರವು ಇದೆ. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹೆತ್ತವರನ್ನು ಕಳೆದುಕೊಂಡು ಅಜ್ಜಿ, ಮಾವ, ಚಿಕ್ಕಮ್ಮನ ಹತ್ತಿರ ಇರುವ ಮಕ್ಕಳಿಗೂ ಸಿಗುತ್ತದೆ, ವಿಧವೆ ತಾಯಿಯ ಮಕ್ಕಳಿಗೂ ಸಿಗುತ್ತದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಾದರೆ 72,000, ಪಟ್ಟಣದಲ್ಲಾದರೆ 96,000 ರೂಪಾಯಿ ದಾಟಬಾರದು.

ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮಗಳು, ಅಳಿಯನ ಮರಣ ಪ್ರಮಾಣಪತ್ರ, ಮಕ್ಕಳ ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ, ಎಲ್ಲದರಲ್ಲೂ ಮಗುವಿನ ಹೆಸರು ಒಂದೇ ಥರ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ, ಯಾಕಂದ್ರೆ ಒಂದು ಕಡೆ ಇನಿಷಿಯಲ್ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ಸುಮ್ನೆ ಅಲೆದಾಟ. ಆಮೇಲೆ ಮನೆಗೆ ಬಂದು ವಿಚಾರಿಸುತ್ತಾರೆ. ಗಾಬರಿಯಾಗಬೇಡಿ, ಇದ್ದದ್ದನ್ನು ಇದ್ದ ಹಾಗೇ ಹೇಳಿ, ಕಷ್ಟ ಮುಚ್ಚಿಡಬೇಡಿ. ಮಂಜೂರು ಮಾಡೋದು ಜಿಲ್ಲಾ ಮಟ್ಟದ ಸಮಿತಿ.

ಮಕ್ಕಳ ಶಾಲೆ ಮಾತ್ರ ತಪ್ಪಿಸಬೇಡಿ, ಹಾಜರಿ ಕಡಿಮೆಯಾದರೆ ಹಣ ನಿಲ್ಲಬಹುದು. ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಕೇಳಿ ಪಡೆಯಿರಿ. ಕಚೇರಿ ಎಲ್ಲಿದೆ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡಿಲ್ಲ.