ದೇವರಿಗೆ ಹೆದರದವನನ್ನು ನಂಬುವುದು ಹೇಗೆ?

ಪ್ರಶ್ನೆ: ನನ್ನ ತಂಗಿಗೆ ಒಂದು ಸಂಬಂಧ ಬಂದಿದೆ. ವರನ ಕಚೇರಿಯಲ್ಲಿ, ಊರಿನಲ್ಲಿ ವಿಚಾರಿಸಿದಾಗ ಎಲ್ಲರೂ ಒಳ್ಳೆಯ ಮಾತನ್ನೇ ಆಡಿದರು. ಆದರೆ ತಾನು ದೇವರನ್ನು ನಂಬುವುದಿಲ್ಲವೆಂದು ಆತನೇ ಹೇಳಿದ ಮೇಲೆ ನಮ್ಮ ತಂದೆ, "ದೇವರಿಗೇ ಹೆದರದವನು ಇನ್ಯಾರಿಗೆ ಹೆದರುತ್ತಾನೆ?" ಎಂದು ಹಿಂದೆ ಸರಿಯುತ್ತಿದ್ದಾರೆ. ನಡತೆ ಕಣ್ಣೆದುರಿಗಿದ್ದರೂ ಈ ಅಪನಂಬಿಕೆ ಏಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲಿಯೇ ಉತ್ತರವಿದೆ. ವರನು ದೇವರಿಗೆ ಅಗೌರವ ತೋರಿದನೆಂಬುದು ಅವರ ದೂರಲ್ಲ. ಯಾರೂ ನೋಡದಿರುವಾಗ ಅವನನ್ನು ತಡೆಯುವವರು ಯಾರು ಎಂಬುದು ಅವರ ಚಿಂತೆ. ನಮ್ಮಲ್ಲಿ ಮಾತಿಗೆ ದೇವರನ್ನೇ ಜಾಮೀನಾಗಿ ನಿಲ್ಲಿಸುವ ರೂಢಿ ಹಳೆಯದು. 'ದೇವರಾಣೆ' ಎಂದರೆ ಸಾಲ ಕೊಟ್ಟವನೂ ಸುಮ್ಮನಾಗುತ್ತಿದ್ದ. ಧರ್ಮಸ್ಥಳದಲ್ಲಿ ಬಂದು ಪ್ರಮಾಣ ಮಾಡು ಎಂಬ ಸವಾಲು ಜಮೀನಿನ ತಕರಾರಿನಿಂದ ರಾಜಕಾರಣದವರೆಗೆ ಇಂದಿಗೂ ಕೇಳಿಬರುತ್ತದೆ. ಆ ಜಾಮೀನನ್ನೇ ಒಪ್ಪದವನು ಎದುರಿಗೆ ನಿಂತಾಗ, ಅವನ ಮಾತನ್ನು ಯಾವುದಕ್ಕೆ ಕಟ್ಟಿಹಾಕಬೇಕೆಂದು ಹಿರಿಯರಿಗೆ ತೋಚುವುದಿಲ್ಲ.

ಇದು ನಮ್ಮೊಬ್ಬರ ಸ್ವಭಾವವೇನಲ್ಲ. ಧಾರ್ಮಿಕ ಸಹನೆಯ ಪರವಾಗಿ 1689ರಲ್ಲಿ ಪತ್ರರೂಪದ ಗ್ರಂಥವನ್ನೇ ಪ್ರಕಟಿಸಿದ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಆ ಸಹನೆಯಿಂದ ನಾಸ್ತಿಕರನ್ನು ಹೊರಗಿಟ್ಟನು. ಮಾತು, ಒಪ್ಪಂದ, ಆಣೆ ಇವು ನಾಸ್ತಿಕನನ್ನು ಹಿಡಿದಿಡಲಾರವೆಂಬುದು ಅವನು ಕೊಟ್ಟ ಕಾರಣ. ಇಂಥ ಅಪನಂಬಿಕೆಯ ಫಲವನ್ನು ಉಂಡವನು ನಾಸ್ತಿಕನಾದ ಚಾರ್ಲ್ಸ್ ಬ್ರಾಡ್ಲಾ. 1880ರಲ್ಲಿ ನಾರ್ಥಾಂಪ್ಟನ್ನಿನಿಂದ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಆತ, ದೇವರ ಹೆಸರಿಲ್ಲದೆ ದೃಢವಚನ ನೀಡಲು ಅವಕಾಶ ಕೇಳಿದಾಗ ಸಭೆ ಒಪ್ಪಲಿಲ್ಲ. ಹಾಗಾದರೆ ಎಲ್ಲರಂತೆ ದೇವರ ಹೆಸರಿನಲ್ಲಿಯೇ ಪ್ರಮಾಣ ಮಾಡುತ್ತೇನೆಂದರೆ, ನಂಬದವನ ಪ್ರಮಾಣಕ್ಕೆ ಬೆಲೆಯಿಲ್ಲವೆಂದು ಅದಕ್ಕೂ ತಡೆಯೊಡ್ಡಿತು. ಮತದಾರರು ಮತ್ತೆ ಮತ್ತೆ ಆರಿಸಿ ಕಳುಹಿಸಿದರೂ ಅವನು ನೆಮ್ಮದಿಯಾಗಿ ಆಸನದಲ್ಲಿ ಕೂತದ್ದು 1886ರಲ್ಲಿ. ತನ್ನ ನಾಸ್ತಿಕತೆಯನ್ನು ಬಚ್ಚಿಟ್ಟುಕೊಂಡಿದ್ದರೆ ಮೊದಲ ದಿನವೇ ಕೂರಬಹುದಿತ್ತು. ಅವನಿಗೆ ಅಡ್ಡಿಯಾದದ್ದು ಅವನ ಸತ್ಯವೇ ಎಂಬುದು ನನಗೆ ಈ ಪ್ರಕರಣದಲ್ಲಿ ಎದ್ದು ಕಾಣುವ ಸಂಗತಿ. ನಿಮ್ಮ ವರನ ಸ್ಥಿತಿಯೂ ಹೆಚ್ಚು ಕಡಿಮೆ ಅದೇ. ಅಂದ ಹಾಗೆ, ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯು ದೇವರ ಹೆಸರಿನಲ್ಲಿಯೂ ಸತ್ಯನಿಷ್ಠೆಯಿಂದಲೂ ಪ್ರಮಾಣವಚನಕ್ಕೆ ಸಮಾನ ಅವಕಾಶವನ್ನು ಕೊಟ್ಟಿದೆ.

ಮನಃಶಾಸ್ತ್ರಜ್ಞರಾದ ವಿಲ್ ಜರ್ವೇಸ್, ಅಜೀಂ ಶರೀಫ್ ಮತ್ತು ಅರಾ ನೊರೆನ್ಜಯಾನ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ನಾಸ್ತಿಕರ ಮೇಲಿನ ಈ ಅಪನಂಬಿಕೆಯನ್ನೇ ತೋರಿಸಿದವು. ಬೇರೆಯವರ ವಾಹನಕ್ಕೆ ಗುದ್ದಿ ಹೇಳದೆ ಹೋಗುವ, ಬಿದ್ದ ಪರ್ಸಿನ ಹಣವನ್ನು ಜೇಬಿಗಿಳಿಸುವ ಒಬ್ಬನ ಕಥೆಯನ್ನು ಓದಿದವರು, ಇವನು ಅತ್ಯಾಚಾರಿಯಾಗಿರಬಹುದೆಂದು ಊಹಿಸಿದಷ್ಟೇ ಸುಲಭವಾಗಿ ನಾಸ್ತಿಕನಾಗಿರಬಹುದೆಂದೂ ಊಹಿಸಿದರು. 2017ರಲ್ಲಿ ಭಾರತವೂ ಸೇರಿ 13 ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ ಸ್ವತಃ ನಾಸ್ತಿಕರೂ ಇದೇ ಪೂರ್ವಗ್ರಹವನ್ನು ತೋರಿದರು. ಆದ್ದರಿಂದ ನಿಮ್ಮ ತಂದೆಯವರನ್ನು ಹಳೆಯ ಕಾಲದವರೆಂದು ಜರೆಯುವುದು ನ್ಯಾಯವಲ್ಲ.

ಆದರೆ ಇಲ್ಲಿ ಅಳೆದದ್ದು ಜನರ ಅನಿಸಿಕೆಯನ್ನು, ನಾಸ್ತಿಕರ ನಡತೆಯನ್ನಲ್ಲ. ಇದೇ ಸಂಶೋಧಕರಲ್ಲಿ ಇಬ್ಬರು, ಜರ್ವೇಸ್ ಮತ್ತು ನೊರೆನ್ಜಯಾನ್, ಇನ್ನೊಂದು ಪ್ರಯೋಗದಲ್ಲಿ ಪೊಲೀಸರ ಕಾರ್ಯದಕ್ಷತೆಯನ್ನು ನೆನಪಿಸಿದಾಗ ಆಸ್ತಿಕರ ಅಪನಂಬಿಕೆ ಕಡಿಮೆಯಾಯಿತು. ತಪ್ಪು ಮಾಡಿದವನನ್ನು ಹಿಡಿಯಲು ಬೇರೆ ಕಣ್ಣುಗಳಿವೆಯೆಂಬ ಭರವಸೆ ಸಿಕ್ಕರೆ, ದೇವರ ಕಣ್ಣಿಲ್ಲವೆಂಬ ಆತಂಕ ಅಷ್ಟಾಗಿ ಕಾಡುವುದಿಲ್ಲ.

ನೀವು ಕಚೇರಿಯಲ್ಲಿ, ಊರಿನಲ್ಲಿ ವಿಚಾರಿಸಿದ್ದು ಇಂಥ ಕಣ್ಣುಗಳನ್ನೇ. ದೈವಭಕ್ತನಾದ ವರ ಬಂದಿದ್ದರೂ ತಂದೆಯವರು ಆ ವಿಚಾರಣೆಯನ್ನು ಬಿಡುತ್ತಿರಲಿಲ್ಲ ಎಂಬುದನ್ನು ಅವರಿಗೆ ನೆನಪಿಸಿ. ಇನ್ನು ಆತ ಮದುವೆಯ ಶಾಸ್ತ್ರಗಳಿಗೆ ಕೂರುತ್ತಾನೆಯೇ, ಮನೆಯಲ್ಲಿ ನಿಮ್ಮ ತಂಗಿಯ ಪೂಜೆಗೆ ಅವನ ಆಕ್ಷೇಪವಿದೆಯೇ ಎಂಬವು ನಂಬಿಕೆ–ಅಪನಂಬಿಕೆಗೆ ಸೇರದ, ದಿನನಿತ್ಯದ ಪ್ರಶ್ನೆಗಳು. ಅವನ್ನು ನಿಶ್ಚಿತಾರ್ಥಕ್ಕೆ ಮುಂಚೆ ನಿಮ್ಮ ತಂಗಿಯೇ ನೇರವಾಗಿ ಕೇಳಲಿ.